ಡ್ವಾರ್ಫ್ ಬಹಿಷ್ಕೃತನನ್ನು ಗಡ್ಡ ಬಿಟ್ಟ ಕಳ್ಳನನ್ನಾಗಿ ಮಾಡಬೇಡಿ

ಮಾನ್ಯ ಸಂಪಾದಕರೇ,

ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಕಲ್ಪನಾಲೋಕದ ಆಟಗಳಿಗೆ ಹೊಸದಾಗಿ ಬರುವವರಿಗೆ ಸಿಗುವ ಸಲಹೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಬೆಟ್ಟದೊಳಗೆ ಬಾಳುವ ಗಡ್ಡಧಾರಿ ಜನಾಂಗದ ಡ್ವಾರ್ಫ್ ಬೇಕಿದ್ದರೆ ಕೊಡಲಿ ಹಿಡಿದ ಯೋಧನನ್ನು ಮಾಡಿಕೊಳ್ಳಿ. ತಲೆಮರೆಸಿಕೊಂಡು ತಿರುಗುವವನ ಪಾತ್ರ ಬೇಕಿದ್ದರೆ ಎಲ್ಫ್ ಅಥವಾ ಹಾಫ್‌ಲಿಂಗ್ ಎಂಬ ಬೇರೆ ಜನಾಂಗ ಆರಿಸಿ, ಡ್ವಾರ್ಫ್‌ನ ಕಾಲು ನಿಧಾನ ಎಂದು. ಕಾಲು ನಿಧಾನ ಎಂಬುದು ನಿಜ, ಸಲಹೆ ಮಾತ್ರ ತಪ್ಪು. ಕಾನೂನಿನಿಂದ ಹೊರಬಿದ್ದ ಡ್ವಾರ್ಫ್‌ನಷ್ಟು ಗಟ್ಟಿ ಪಾತ್ರಗಳು ಈ ಆಟದಲ್ಲಿ ಹೆಚ್ಚು ಸಿಗುವುದಿಲ್ಲ. ಅವನನ್ನು ಎಲ್ಫ್‌ನ ಅಳತೆಗೆ ಹೊಲಿಯಲು ಹೋದಾಗಲೇ ಬಟ್ಟೆ ಹರಿಯುವುದು.

ಮೊದಲು ಪದದ ವಿಷಯ. ಡ್ವಾರ್ಫ್ ಎಂಬುದನ್ನು ‘ಕುಬ್ಜ’, ‘ಕುಳ್ಳ’ ಎಂದು ಅನುವಾದಿಸುವ ರೂಢಿ ಬಿಡಬೇಕು. ಆಟದ ಡ್ವಾರ್ಫ್ 4ರಿಂದ 5 ಅಡಿ ಎತ್ತರದ, ಸುಮಾರು 150 ಪೌಂಡ್ ತೂಕದ ಒಂದು ಬೇರೆಯೇ ಜನಾಂಗದವನು. ಆ ಕನ್ನಡ ಪದಗಳು ನಿಜವಾದ ಮನುಷ್ಯರನ್ನು ನೋಯಿಸುತ್ತವೆ. ಆಟದಲ್ಲೂ ಅವು ದಾರಿ ತಪ್ಪಿಸುತ್ತವೆ. ನಿಯಮದ ಪ್ರಕಾರ ಡ್ವಾರ್ಫ್‌ನ ಗಾತ್ರ ‘ಮೀಡಿಯಂ’, ಮನುಷ್ಯನದೂ ಅದೇ. ‘ಸ್ಮಾಲ್’ ಎಂದು ತಪ್ಪಾಗಿ ಬರೆದುಕೊಂಡವರು ಭಾರವಾದ ಕ್ರಾಸ್‌ಬೋ (ಅಡ್ಡಬಿಲ್ಲು) ಹಿಡಿದರೆ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಉರುಳಿಸಿ ಕಡಿಮೆಯದನ್ನು ಎಣಿಸುವುದು) ಎಂದು ಸುಮ್ಮನೆ ಅದನ್ನು ಬಿಟ್ಟುಬಿಡುತ್ತಾರೆ. ಹಾಗೇನೂ ಇಲ್ಲ.

ಇಲ್ಲಿ ಬರೆಯುವ ಲೆಕ್ಕವೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿಯದು. 2024ರ ಪರಿಷ್ಕೃತ ನಿಯಮಗಳಲ್ಲಿ ಡ್ವಾರ್ಫ್ ಸಾಕಷ್ಟು ಬದಲಾಗಿದ್ದಾನೆ, ಅದನ್ನು ಮುಂದೆ ಹೇಳುತ್ತೇವೆ. ಪಾತ್ರದ ವಿವರ ಬರೆದುಕೊಳ್ಳುವ ಒಂದೇ ಹಾಳೆಯಲ್ಲಿ ಎರಡನ್ನೂ ಬೆರೆಸಬೇಡಿ.

ಬಹಿಷ್ಕೃತ ಬೇರೆ, ಕಳ್ಳ ಬೇರೆ. ಕಳ್ಳ ಸಿಕ್ಕಿಬಿದ್ದರೆ ಕಾನೂನು ಅವನನ್ನು ವಿಚಾರಿಸುತ್ತದೆ. ಬಹಿಷ್ಕೃತನಿಗೆ ಆ ವಿಚಾರಣೆಯ ಹಕ್ಕೂ ಉಳಿದಿರುವುದಿಲ್ಲ. ಮಧ್ಯಯುಗದ ಐಸ್‌ಲ್ಯಾಂಡ್‌ನಲ್ಲಿ ಇದಕ್ಕೆ ಎರಡು ಹಂತಗಳಿದ್ದವು. ಚಿಕ್ಕ ಶಿಕ್ಷೆಯಾದವನು 3 ವರ್ಷ ದೇಶ ಬಿಟ್ಟಿರಬೇಕಿತ್ತು. ಪೂರ್ಣ ಶಿಕ್ಷೆಯಾದವನಿಗೆ ಯಾರೂ ಅನ್ನ ಹಾಕುವಂತಿಲ್ಲ, ಮನೆಯೊಳಗೆ ಕರೆಯುವಂತಿಲ್ಲ, ದೋಣಿ ಹತ್ತಿಸುವಂತಿಲ್ಲ. ಕೊಂದವನಿಗೆ ದಂಡವೂ ಇಲ್ಲ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಇಂಥವನನ್ನು ‘ತೋಳದ ತಲೆ ಹೊತ್ತವನು’ ಎನ್ನುತ್ತಿದ್ದರು, ಅಂದರೆ ತೋಳವನ್ನು ಹೊಡೆದಂತೆ ಅವನನ್ನೂ ಹೊಡೆಯಬಹುದು. ಆಟ ನಡೆಸುವವರು ತಮ್ಮ ಲೋಕಕ್ಕೆ ಕಾನೂನು ಬರೆಯುವಾಗ ಈ ಎರಡು ಹಂತಗಳನ್ನು ಹಾಗೆಯೇ ಎತ್ತಿಕೊಳ್ಳಬಹುದು. ‘ಅವನ ತಲೆಗೆ ಬೆಲೆ ಕಟ್ಟಿದ್ದಾರೆ’ ಎಂಬ ಒಂದು ಸಾಲಿಗಿಂತ ‘ಅವನಿಗೆ ಊಟ ಹಾಕಿದವರೂ ಅಪರಾಧಿಗಳು’ ಎಂಬುದು ಆಟವನ್ನು ಬಿಗಿಗೊಳಿಸುತ್ತದೆ. ತಂಡದವರು ಅವನ ಜೊತೆ ಕೂತು ಉಣ್ಣುವ ಪ್ರತಿ ಸಲವೂ ಏನೋ ಒಂದನ್ನು ಪಣಕ್ಕಿಟ್ಟಿರುತ್ತಾರೆ.

ಡ್ವಾರ್ಫ್‌ಗೆ ಇದರ ಮೇಲೆ ಇನ್ನೊಂದು ಪೆಟ್ಟಿದೆ. ಹೆಚ್ಚಿನ ಆಟಗಾರರು ಓದದೆ ದಾಟುವ ಸಾಲು ಅದು. 2014ರ ನಿಯಮಪುಸ್ತಕದ ಪ್ರಕಾರ ಡ್ವಾರ್ಫ್‌ನ ಹೆಸರು ಅವನದಲ್ಲ, ಕುಲದ್ದು. ಹಿರಿಯರು ಕೊಟ್ಟ ಹೆಸರಿಗೆ ಕಳಂಕ ತಂದವನಿಂದ ಅದನ್ನು ಕಿತ್ತುಕೊಳ್ಳುತ್ತಾರೆ. ಅದರ ಜಾಗದಲ್ಲಿ ಬೇರೆ ಡ್ವಾರ್ಫ್ ಹೆಸರು ಇಟ್ಟುಕೊಳ್ಳುವುದೂ ಅವರ ಕಾನೂನಿನಲ್ಲಿ ನಿಷಿದ್ಧ. ಹೀಗಿರುವಾಗ ಬಹಿಷ್ಕೃತನ ಹಾಳೆಯ ಮೇಲೆ ಗಂಭೀರವಾದ ಡ್ವಾರ್ಫ್ ಹೆಸರು, ಪಕ್ಕದಲ್ಲಿ ಕುಲದ ಹೆಸರು, ಕೆಳಗೆ ‘ಗಡೀಪಾರಾದವನು’ ಎಂದು ಬರೆದರೆ ಒಂದಕ್ಕೊಂದು ಹೊಂದುವುದೇ ಇಲ್ಲ. ಅವನಿಗೆ ಬೇರೆ ಜನ ಇಟ್ಟ ಹೆಸರಿರಬೇಕು. ‘ಬೂದಿ’ ಎಂದಿರಲಿ, ‘ಮೋಟುಬೆರಳ’ ಎಂದಿರಲಿ, ಮನುಷ್ಯರ ಸಾಧಾರಣ ಹೆಸರೇ ಇರಲಿ. ಹಳೆಯ ಹೆಸರನ್ನು ಹಾಳೆಯ ಹಿಂಬದಿ ಬರೆದು ಆಟ ನಡೆಸುವವರಿಗೆ ಮಾತ್ರ ತೋರಿಸಿ. ಎಂದಾದರೂ ಒಂದು ದಿನ ಮೇಜಿನ ಮುಂದೆ ಆ ಹೆಸರು ಉಚ್ಚಾರವಾದರೆ ಅದಕ್ಕೆ ತೂಕವಿರುತ್ತದೆ.

ಇನ್ನು ಆಯುಸ್ಸು. ಡ್ವಾರ್ಫ್ ಸರಾಸರಿ 350 ವರ್ಷ ಬದುಕುತ್ತಾನೆ, 50 ತುಂಬುವ ತನಕ ಅವನನ್ನು ಎಳೆಯನೆಂದೇ ಎಣಿಸುತ್ತಾರೆ. 70ನೇ ವಯಸ್ಸಿನಲ್ಲಿ ಮಾಡಿದ ಅಪರಾಧಕ್ಕೆ 150ನೇ ವಯಸ್ಸಿನಲ್ಲೂ ಓಡುತ್ತಿದ್ದಾನೆ ಎಂದುಕೊಳ್ಳಿ. ಅಂದು ಆಜ್ಞೆ ಹೊರಡಿಸಿದ ಮನುಷ್ಯ ರಾಜ ಎಂದೋ ಸತ್ತಿದ್ದಾನೆ, ಅವನ ಮರಿಮಗ ಆಳುತ್ತಿರಬಹುದು. ಮನುಷ್ಯರ ಊರಿನಲ್ಲಿ ಆ ಆಜ್ಞೆ ಹುಳು ತಿಂದ ಕಾಗದ. ಬೆಟ್ಟದೊಳಗಾದರೋ ಸಾಕ್ಷಿ ಹೇಳಿದವನು, ತೀರ್ಪು ಕೊಟ್ಟವನು, ಅಣ್ಣನನ್ನು ಕಳೆದುಕೊಂಡವನು ಎಲ್ಲರೂ ಬದುಕಿದ್ದಾರೆ, ಯಾರೂ ಮರೆತಿಲ್ಲ. ಮನುಷ್ಯ ಬಹಿಷ್ಕೃತನಿಗೆ ಇಲ್ಲದ ಸಂಕಟ ಇದು: ಕಾಲ ಕಳೆದರೆ ಎಲ್ಲ ತಣ್ಣಗಾಗುತ್ತದೆ ಎಂಬ ಆಸೆಗೆ ಅವನ ಸ್ವಂತ ಜನರ ನಡುವೆ ಜಾಗವಿಲ್ಲ.

ಅಪರಾಧವನ್ನು ಒಂದೇ ಕೃತ್ಯಕ್ಕೆ ಇಳಿಸಿ. ‘ಕತ್ತಲ ಗತಕಾಲ’ ಎಂದು ಬರೆದರೆ ಆಟ ನಡೆಸುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಒಂದು ಉದಾಹರಣೆ: ಗಣಿಯ ಮೇಲಿನ ಸುರಂಗದಲ್ಲಿ ಬೆಂಕಿ ಬಿತ್ತು. ನಮ್ಮ ‘ಬೂದಿ’ ತೂಬಿನ ಬಾಗಿಲು ತೆಗೆದು ನೀರು ನುಗ್ಗಿಸಿದ. ಬೆಂಕಿ ಆರಿತು, ಮೇಲಿನ 40 ಜನ ಉಳಿದರು, ಕೆಳಗಿನ ಸುರಂಗದಲ್ಲಿದ್ದ 4 ಜನ ಮುಳುಗಿದರು. ಕಾನೂನು ಅದನ್ನು ಕೊಲೆ ಎಂದಿತು. ಕೆಳಗೆ ಜನರಿದ್ದಾರೆಂದು ಅವನಿಗೆ ಗೊತ್ತಿತ್ತೇ? ಅದನ್ನು ಆಟಗಾರ ಮತ್ತು ಆಟ ನಡೆಸುವವರು ಮೊದಲೇ ಕೂತು ತೀರ್ಮಾನಿಸಬೇಕು, ನಡುವೆ ಬದಲಿಸಬಾರದು. ಇದರ ಜೊತೆ ಇಬ್ಬರು ಬೇಕು: ಅವನಿಗೆ ಈಗಲೂ ಬಾಗಿಲು ತೆರೆಯುವ ಒಬ್ಬರು, ಅವನ ಜಾಡು ಹಿಡಿದು ಬರುವ ಒಬ್ಬರು. ಬೆನ್ನಟ್ಟುವವನು ಎಷ್ಟು ದಿನದ ದಾರಿಯಷ್ಟು ಹಿಂದಿದ್ದಾನೆ ಎಂಬುದನ್ನು ಆಟ ನಡೆಸುವವರು ಆಟದ ಪ್ರತಿ ಸಂಚಿಕೆಗೂ, ಅಂದರೆ ಪ್ರತಿ ಸಲ ಆಡಲು ಕೂತಾಗಲೂ, ಒಂದು ಅಂಕಿಯಾಗಿ ಬರೆದಿಟ್ಟುಕೊಂಡರೆ ಸಾಕು. ಊರಲ್ಲಿ ಎರಡು ದಿನ ಹೆಚ್ಚು ತಂಗಿದರೆ ಆ ಅಂಕಿ ಎರಡು ಇಳಿಯುತ್ತದೆ, ಸುಳ್ಳು ಜಾಡು ಬಿಟ್ಟರೆ ಏರುತ್ತದೆ.

ಈಗ ಹಾಳೆಯ ಕಡೆ ಬರೋಣ. ಕ್ಲಾಸ್, ಅಂದರೆ ಪಾತ್ರದ ಕಸುಬು, ರೋಗ್ (ಗುಟ್ಟಾಗಿ ಕೆಲಸ ಸಾಧಿಸುವವನು); ಹಿನ್ನೆಲೆ, ಅಂದರೆ ಹಿಂದಿನ ಬದುಕು, ಕ್ರಿಮಿನಲ್. ಆರು ಸಾಮರ್ಥ್ಯಗಳಿಗೆ ಹಂಚುವ ನಿಗದಿತ ಅಂಕಗಳು 15, 14, 13, 12, 10, 8. ಡ್ವಾರ್ಫ್‌ಗಳ ಒಳಪಂಗಡಗಳಲ್ಲಿ ಒಂದಾದ ಹಿಲ್ ಡ್ವಾರ್ಫ್ ಆದರೆ 15 ಡೆಕ್ಸ್ಟೆರಿಟಿಗೆ (ಚುರುಕುತನ), 14 ಕಾನ್‌ಸ್ಟಿಟ್ಯೂಷನ್‌ಗೆ (ಮೈಗಟ್ಟಿ), 13 ವಿಸ್ಡಮ್‌ಗೆ (ವಿವೇಕ), 12 ಇಂಟೆಲಿಜೆನ್ಸ್‌ಗೆ (ಬುದ್ಧಿ), 10 ಕರಿಷ್ಮಾಗೆ (ವರ್ಚಸ್ಸು), 8 ಸ್ಟ್ರೆಂತ್‌ಗೆ (ಬಲ). ಜನಾಂಗದ ಹೆಚ್ಚುವರಿ ಸೇರಿದಾಗ ಕಾನ್‌ಸ್ಟಿಟ್ಯೂಷನ್ 16, ವಿಸ್ಡಮ್ 14. ಮೊದಲ ಲೆವೆಲ್‌ನಲ್ಲಿ (ಹಂತದಲ್ಲಿ) ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಾಳಬಲ್ಲನೆಂಬ ಅಂಕ, ರೋಗ್‌ಗೆ 8, ಅದಕ್ಕೆ ಕಾನ್‌ಸ್ಟಿಟ್ಯೂಷನ್ 16ರ ಬೋನಸ್ 3, ಹಿಲ್ ಡ್ವಾರ್ಫ್‌ನ ಗಟ್ಟಿತನಕ್ಕೆ 1, ಒಟ್ಟು 12. ಮುಂದಿನ ಪ್ರತಿ ಲೆವೆಲ್‌ಗೂ ಸರಾಸರಿ ಹಿಡಿದರೆ 9. ಮೂರನೇ ಲೆವೆಲ್‌ಗೆ 30. ಕಾನ್‌ಸ್ಟಿಟ್ಯೂಷನ್ 14 ಇರುವ ಎಲ್ಫ್ ರೋಗ್‌ಗೆ ಅದೇ ಲೆವೆಲ್‌ನಲ್ಲಿ 24.

ಇಲ್ಲೊಂದು ಲಾಭ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಬೀಗ ತೆರೆಯುವ ಸಲಕರಣೆಯ ಪರಿಣತಿ ರೋಗ್‌ಗೂ ಇದೆ, ಕ್ರಿಮಿನಲ್ ಹಿನ್ನೆಲೆಗೂ ಇದೆ. ಒಂದೇ ಪರಿಣತಿ ಎರಡು ಕಡೆಯಿಂದ ಬಂದರೆ ಎರಡನೆಯದರ ಬದಲು ಅದೇ ಬಗೆಯ ಇನ್ನೊಂದನ್ನು ಆರಿಸಬಹುದು. ಬಹಿಷ್ಕೃತನಿಗೆ ಬೇಕಾದದ್ದು ನಕಲಿ ದಾಖಲೆ ತಯಾರಿಸುವ ಫೋರ್ಜರಿ ಕಿಟ್. ಪರಿಣತಿ ಸಿಕ್ಕರೂ ಪೆಟ್ಟಿಗೆ ಸಿಗುವುದಿಲ್ಲ, ಕೊಳ್ಳಬೇಕು. ಅದರ ಬೆಲೆ 15 ಚಿನ್ನದ ನಾಣ್ಯ. ಕ್ರಿಮಿನಲ್ ಹಿನ್ನೆಲೆಯ ಚೀಲದಲ್ಲಿ ಇರುವುದೂ ಸರಿಯಾಗಿ 15. ಹೊಸ ಹೆಸರಿಗೆ ಒಂದು ಕಾಗದ ಸಿಕ್ಕಂತಾಯಿತು, ಕೈ ಬರಿದಾಯಿತು. ಆಟ ಶುರುವಾಗಲು ಇದಕ್ಕಿಂತ ಒಳ್ಳೆಯ ಸ್ಥಿತಿ ಬೇಡ.

ಅತಿ ಹೆಚ್ಚು ಜನ ಎಡವುವುದು ಆಯುಧದಲ್ಲಿ. ಡ್ವಾರ್ಫ್‌ಗೆ ಕೊಡಲಿ, ಸುತ್ತಿಗೆಗಳ ತರಬೇತಿ ಹುಟ್ಟಿನಿಂದಲೇ ಇದೆ. ಅದನ್ನು ನೋಡಿ ರೋಗ್ ಕೈಗೂ ಕೊಡಲಿ ಕೊಡುತ್ತಾರೆ. ಅನುಕೂಲ ನೋಡಿ ಹೊಡೆದು ಹೆಚ್ಚುವರಿ ಹಾನಿ ಮಾಡುವ ರೋಗ್‌ನ ಸ್ನೀಕ್ ಅಟ್ಯಾಕ್‌ಗೆ ಫಿನೆಸ್ (ಚುರುಕು ಕೈಗೆ ಒಗ್ಗುವ) ಗುಣವಿರುವ ಆಯುಧ ಬೇಕು, ಇಲ್ಲವೇ ದೂರದಿಂದ ಹೊಡೆಯುವ ವರ್ಗದ ಆಯುಧ ಬೇಕು. ಬ್ಯಾಟಲ್‌ಆಕ್ಸ್ ಎರಡೂ ಅಲ್ಲ. ಕೈಗೊಡಲಿಯನ್ನು ಎಸೆಯಬಹುದು ನಿಜ, ಆದರೂ ಅದು ಹತ್ತಿರದ ಕಾಳಗದ ವರ್ಗದ್ದೇ. ಎಸೆದ ಮಾತ್ರಕ್ಕೆ ಸ್ನೀಕ್ ಅಟ್ಯಾಕ್ ಸಿಗದು. ಎಸೆಯಲೇಬೇಕಿದ್ದರೆ ಚೂರಿ ಎಸೆಯಿರಿ, ಅದಕ್ಕೆ ಫಿನೆಸ್ ಇದೆ. ಲೆಕ್ಕ ಹೀಗಿದೆ: ಆರ್ಮರ್ ಕ್ಲಾಸ್ (ಪೆಟ್ಟು ತಾಗಿಸಲು ಮುಟ್ಟಬೇಕಾದ ಅಂಕ) 16 ಇರುವ ಸಾಮಾನ್ಯ ಕಾವಲುಗಾರನ ಮೇಲೆ ಮೇಲಿನ ‘ಬೂದಿ’ ಕೊಡಲಿ ಬೀಸಿದರೆ 20 ಮುಖದ ದಾಳಕ್ಕೆ ಕೂಡುವುದು 1, 20ರಲ್ಲಿ 6 ಸಲ ತಾಗುತ್ತದೆ, ತಾಗಿದಾಗ ಸರಾಸರಿ ಹಾನಿ ಮೂರೂವರೆ. ಫಿನೆಸ್ ಇರುವ ರೇಪಿಯರ್ (ತೆಳುವಾದ ಚುಚ್ಚುಗತ್ತಿ) ಹಿಡಿದರೆ ಕೂಡುವುದು 4, 20ರಲ್ಲಿ 9 ಸಲ ತಾಗುತ್ತದೆ, ಕಾವಲುಗಾರನ ಪಕ್ಕದಲ್ಲಿ ಸಂಗಾತಿ ಇದ್ದರೆ ಸ್ನೀಕ್ ಅಟ್ಯಾಕ್ ಸೇರಿ ಸರಾಸರಿ ಹಾನಿ 10. ರೇಪಿಯರ್ ಡ್ವಾರ್ಫ್ ಕೈಗೆ ಚೆಂದ ಕಾಣದು ಎನ್ನುವವರು ಅದನ್ನು ಸುರಂಗದ ಇಕ್ಕಟ್ಟಿಗೆಂದೇ ಕಾಯಿಸಿ ಬಡಿದ ನೇರ ಕತ್ತಿ ಎಂದು ವರ್ಣಿಸಲಿ. ಅಂಕಿ ಬದಲಾಗದಿದ್ದರೆ ವರ್ಣನೆಗೆ ಯಾರ ಅಡ್ಡಿಯೂ ಇರುವುದಿಲ್ಲ.

ಆದರೆ ನಮ್ಮ ಮಟ್ಟಿಗೆ ಬಹಿಷ್ಕೃತನಿಗೆ ಹೆಚ್ಚು ಒಪ್ಪುವವನು ಇನ್ನೊಂದು ಒಳಪಂಗಡದ ಮೌಂಟನ್ ಡ್ವಾರ್ಫ್. ಫಿನೆಸ್ ಆಯುಧಕ್ಕೆ ಡೆಕ್ಸ್ಟೆರಿಟಿಯನ್ನೇ ಬಳಸಬೇಕೆಂದಿಲ್ಲ, ಸ್ಟ್ರೆಂತ್ ಬಳಸಲೂಬಹುದು. ಸ್ನೀಕ್ ಅಟ್ಯಾಕ್ ಕೇಳುವುದು ಆಯುಧದ ಗುಣವನ್ನು, ತೋಳಿನ ಲೆಕ್ಕವನ್ನಲ್ಲ. ಸ್ಟ್ರೆಂತ್‌ಗೆ 15, ಡೆಕ್ಸ್ಟೆರಿಟಿಗೆ 14, ಕಾನ್‌ಸ್ಟಿಟ್ಯೂಷನ್‌ಗೆ 13 ಇಡಿ. ಮೌಂಟನ್ ಡ್ವಾರ್ಫ್‌ನ ಎರಡೆರಡು ಸೇರಿ 17, 14, 15 ಆಗುತ್ತದೆ. ರೇಪಿಯರ್ ಬೀಸಿದಾಗ ದಾಳಕ್ಕೆ 5 ಕೂಡುತ್ತದೆ. ಅಥ್ಲೆಟಿಕ್ಸ್‌ಗೆ ಎಕ್ಸ್‌ಪರ್ಟೀಸ್ (ಎರಡರಷ್ಟು ಪರಿಣತಿ) ಕೊಟ್ಟರೆ 7: ಗೋಡೆ ಹತ್ತುವುದು, ಕಾವಲುಗಾರನನ್ನು ತಬ್ಬಿ ನೆಲಕ್ಕೆ ಕೆಡಹುವುದು ಎಲ್ಲ ಇದರ ಮೇಲೆ. ಮಧ್ಯಮ ತೂಕದ ಕವಚದ ತರಬೇತಿಯೂ ಇವನಿಗೆ ಇರುವುದರಿಂದ 50 ನಾಣ್ಯದ ಚೈನ್ ಶರ್ಟ್ ತೊಟ್ಟರೆ ಆರ್ಮರ್ ಕ್ಲಾಸ್ 15, ಅಡಗುವುದಕ್ಕೆ ಅಡ್ಡಿಯಿಲ್ಲ. ಅದೇ 50 ನಾಣ್ಯಕ್ಕೆ ಸ್ಕೇಲ್ ಮೇಲ್ ಸಿಗುತ್ತದೆ, ಆರ್ಮರ್ ಕ್ಲಾಸ್ 16 ಆಗುತ್ತದೆ ಎಂದು ಆಸೆಪಟ್ಟರೆ ಅಡಗುವ ಕೌಶಲವಾದ ಸ್ಟೆಲ್ತ್‌ನ ಪ್ರತಿ ದಾಳಕ್ಕೂ ಡಿಸ್‌ಅಡ್ವಾಂಟೇಜ್. ಒಂದು ಅಂಕಕ್ಕಾಗಿ ಪಾತ್ರದ ಕಸುಬನ್ನೇ ಮಾರಿದಂತೆ. 16 ಬೇಕೇ ಬೇಕಾದರೆ 400 ನಾಣ್ಯ ಕೂಡಿಸಿ ಬ್ರೆಸ್ಟ್‌ಪ್ಲೇಟ್ ಕೊಳ್ಳುವ ತನಕ ತಾಳಿ.

ನಡಿಗೆಯ ವೇಗ 25 ಅಡಿ. 5 ಅಡಿಯ ಚೌಕಗಳಲ್ಲಿ ಆಡುವಾಗ ಮನುಷ್ಯನಿಗೆ 6 ಚೌಕ, ಇವನಿಗೆ 5. ಕಲ್ಲುಮುಳ್ಳಿನ ದಾರಿಯಲ್ಲೂ ಹತ್ತುವಾಗಲೂ ಎರಡರಷ್ಟು ಖರ್ಚಾಗುವುದರಿಂದ ಮನುಷ್ಯನಿಗೆ 3, ಇವನಿಗೆ 2 ಚೌಕ. ಮೊದಲ ಲೆವೆಲ್‌ನಲ್ಲಿ ಇಬ್ಬರೂ ಡ್ಯಾಶ್ ಮಾಡಿದರೆ, ಅಂದರೆ ಆ ಸರದಿಯ ಕೆಲಸವನ್ನೂ ಓಟಕ್ಕೇ ಬಳಸಿದರೆ, ಒಂದು ಸರದಿಗೆ ಕಾವಲುಗಾರ 60 ಅಡಿ, ಡ್ವಾರ್ಫ್ 50. 40 ಅಡಿ ಮುಂದಿದ್ದವನು 4 ಸರದಿಯಲ್ಲಿ, ಅಂದರೆ 24 ಸೆಕೆಂಡಿನಲ್ಲಿ ಕೈಗೆ ಸಿಕ್ಕಿಬೀಳುತ್ತಾನೆ. ಹಾಗಾಗಿ ಮೊದಲ ಲೆವೆಲ್‌ನಲ್ಲಿ ಓಡಬೇಡಿ, ಅಡಗಿ.

ಎರಡನೇ ಲೆವೆಲ್‌ಗೆ ಕನ್ನಿಂಗ್ ಆಕ್ಷನ್ (ಸರದಿಗೊಂದು ಹೆಚ್ಚುವರಿ ಡ್ಯಾಶ್ ಮಾಡುವ ಅಥವಾ ಅಡಗುವ ಅವಕಾಶ) ಬಂದ ಮೇಲೆ ಚಿತ್ರ ತಿರುಗುತ್ತದೆ. ಒಂದೇ ಸರದಿಯಲ್ಲಿ ಎರಡು ಡ್ಯಾಶ್ ಸೇರಿ 75 ಅಡಿ. ಬೆನ್ನಟ್ಟುವಿಕೆಯ ನಿಯಮ ಬಳಸುವ ಮೇಜಿನಲ್ಲಿ ಒಬ್ಬ 3ಕ್ಕೆ ಕಾನ್‌ಸ್ಟಿಟ್ಯೂಷನ್ ಬೋನಸ್ ಕೂಡಿಸಿದಷ್ಟು ಸಲ ದಣಿಯದೆ ಡ್ಯಾಶ್ ಮಾಡಬಹುದು. ಹಿಲ್ ಡ್ವಾರ್ಫ್ ‘ಬೂದಿ’ಗೆ 6 ಸಲ, ಕಾನ್‌ಸ್ಟಿಟ್ಯೂಷನ್ 12ರ ಕಾವಲುಗಾರನಿಗೆ 4 ಸಲ. 3 ಸರದಿಯಲ್ಲಿ 6 ಡ್ಯಾಶ್ ಮುಗಿಸಿ 45 ಅಡಿ ಅಂತರ ಗಳಿಸಿ, ಮೂಲೆ ತಿರುಗಿ ಕಣ್ಮರೆಯಾಗುವುದು ಸರಿಯಾದ ಕ್ರಮ. ನಾಲ್ಕನೇ ಸರದಿಗೂ ಹಾಗೇ ಓಡಿದರೆ ಪ್ರತಿ ಡ್ಯಾಶ್‌ಗೂ ದಾಳ ಉರುಳಿಸಿ 10 ಮುಟ್ಟಬೇಕು, ತಪ್ಪಿದರೆ ಆಯಾಸದ ಒಂದು ಹಂತ ಏರುತ್ತದೆ, ಮುಂದಿನ ಸ್ಟೆಲ್ತ್ ದಾಳಕ್ಕೂ ಡಿಸ್‌ಅಡ್ವಾಂಟೇಜ್ ಬೀಳುತ್ತದೆ. ಕಣ್ಮರೆಯಾದ ಮೇಲೆ ಎಕ್ಸ್‌ಪರ್ಟೀಸ್ ಸೇರಿ ಸ್ಟೆಲ್ತ್ 6. ಕಾವಲುಗಾರನ ಪ್ಯಾಸಿವ್ ಪರ್ಸೆಪ್ಷನ್ (ಹುಡುಕದೆಯೇ ಗಮನಿಸುವ ಅಂಕ) 12. ಅದನ್ನು ಮೀರಲು ದಾಳದಲ್ಲಿ 7 ಬಿದ್ದರೆ ಸಾಕು, 20ರಲ್ಲಿ 14 ಸಲ ತಪ್ಪಿಸಿಕೊಳ್ಳುತ್ತಾನೆ.

ಓಣಿ 10 ಅಡಿಗಿಂತ ಅಗಲವಿಲ್ಲದಿದ್ದರೆ ಬಾಲ್ ಬೇರಿಂಗ್ ಚೀಲ ಸುರಿಯಿರಿ. 1 ನಾಣ್ಯಕ್ಕೆ 1,000 ಗುಂಡು, 10 ಅಡಿ ಚೌಕ ತುಂಬುತ್ತದೆ, ಬರ್ಗ್ಲರ್ಸ್ ಪ್ಯಾಕ್ ಎಂಬ ಸಾಮಾನಿನ ಗಂಟು ಆರಿಸಿದವರಿಗೆ ಅದರಲ್ಲೇ ಇರುತ್ತದೆ. ಆ ಕಾವಲುಗಾರ 20ರಲ್ಲಿ 8 ಸಲ ಬೀಳುತ್ತಾನೆ, ಏಳಲು ಅರ್ಧ ನಡಿಗೆ ಕಳೆದುಕೊಳ್ಳುತ್ತಾನೆ. ಅಗಲವಾದ ಬೀದಿಯಲ್ಲಿ ಸುರಿದರೆ ಸುತ್ತಿಕೊಂಡು ಬರುತ್ತಾರೆ, ಸುರಿಯಲು ಒಂದು ಆಕ್ಷನ್ ಹೋದದ್ದಷ್ಟೇ ಬರುತ್ತದೆ. ನಾಲ್ಕನೇ ಲೆವೆಲ್‌ನಲ್ಲಿ ಫೀಟ್‌ಗಳಿಗೆ (ವಿಶೇಷ ಸಾಮರ್ಥ್ಯಗಳಿಗೆ) ಅವಕಾಶವಿದ್ದರೆ 2017ರ ಪೂರಕ ಪುಸ್ತಕದ ಸ್ಕ್ವಾಟ್ ನಿಂಬಲ್‌ನೆಸ್ ತೆಗೆದುಕೊಳ್ಳಿ. ಡ್ವಾರ್ಫ್ ಮತ್ತು ಸಣ್ಣ ಗಾತ್ರದ ಜನಾಂಗಗಳಿಗೆ ಮಾತ್ರ ಇರುವ ಫೀಟ್ ಇದು: ವೇಗ 5 ಅಡಿ ಏರಿ 30 ಆಗುತ್ತದೆ, ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿಗೆ 1 ಸೇರುತ್ತದೆ. 15 ಇದ್ದದ್ದು 16, ಮೌಂಟನ್ ಡ್ವಾರ್ಫ್‌ನ 17 ಇದ್ದದ್ದು 18. ಬೆಸಸಂಖ್ಯೆ ಉಳಿಸಿಕೊಂಡದ್ದು ಇದಕ್ಕಾಗಿಯೇ.

ಕತ್ತಲಲ್ಲಿ ಡ್ವಾರ್ಫ್‌ಗೆ ಎಲ್ಲ ಕಾಣುತ್ತದೆ ಎಂಬುದೂ ಅರ್ಧಸತ್ಯ. 60 ಅಡಿಯೊಳಗೆ ಕಗ್ಗತ್ತಲು ಅವನಿಗೆ ಮಬ್ಬುಬೆಳಕಿನಂತೆ, ಮಬ್ಬುಬೆಳಕು ಹಗಲಿನಂತೆ. ಮಬ್ಬಿನಲ್ಲಿ ಕಣ್ಣಿನಿಂದ ಹುಡುಕುವುದಕ್ಕೆ ಡಿಸ್‌ಅಡ್ವಾಂಟೇಜ್ ಇದೆ, ಪ್ಯಾಸಿವ್ ಅಂಕದಲ್ಲಿ 5 ಕಳೆಯಬೇಕು. ಪರ್ಸೆಪ್ಷನ್‌ಗೂ ಎಕ್ಸ್‌ಪರ್ಟೀಸ್ ಕೊಟ್ಟು 16 ಮಾಡಿಕೊಂಡವನದು ಕಗ್ಗತ್ತಲಲ್ಲಿ 11ಕ್ಕೆ ಇಳಿಯುತ್ತದೆ, ನೆಲದ ತಂತಿಯ ಬಲೆ ತಪ್ಪಿಹೋಗುತ್ತದೆ. ಪಂಜು ಹಚ್ಚಿದರೆ 40 ಅಡಿಯವರೆಗೆ ಬೆಳಕು ಹರಡಿ ಜಗತ್ತಿಗೇ ಸಾರಿದಂತಾಗುತ್ತದೆ. ಇದಕ್ಕೆ ಮದ್ದು ಮುಚ್ಚಳವಿರುವ ಲಾಂದ್ರ. ಮುಚ್ಚಳ ಇಳಿಸಿದರೆ 5 ಅಡಿ ಸುತ್ತ ಮಾತ್ರ ಮಬ್ಬುಬೆಳಕು. ಡ್ವಾರ್ಫ್ ಕಣ್ಣಿಗೆ ಅದೇ ಪೂರ್ಣ ಬೆಳಕು. ಬೀಗ, ಬಲೆ, ಗೋಡೆಯ ಸಂದು ಎಲ್ಲವನ್ನೂ ಯಾವ ಅಡ್ಡಿಯಿಲ್ಲದೆ ಹುಡುಕಬಹುದು. ಮನುಷ್ಯ ಕಳ್ಳನಿಗೆ ಈ ಸೌಲಭ್ಯವಿಲ್ಲ.

ಡ್ವಾರ್ಫ್‌ನ ಕಲ್ಲುಕೆಲಸದ ಅರಿವಾದ ಸ್ಟೋನ್‌ಕನ್ನಿಂಗ್ ಬಗ್ಗೆಯೂ ಒಂದು ಮಾತು. ಅದು ಗುಪ್ತ ಬಾಗಿಲು ಹುಡುಕಿಕೊಡುವುದಿಲ್ಲ. ಕಲ್ಲುಕೆಲಸ ಯಾರದು, ಎಲ್ಲಿಂದ ಬಂತು ಎಂಬ ಹಿಸ್ಟರಿ ದಾಳಕ್ಕೆ ಎರಡರಷ್ಟು ಪ್ರೊಫಿಷಿಯನ್ಸಿ (ಪರಿಣತಿಯ ಬೋನಸ್) ಕೊಡುತ್ತದೆ. ಮೇಲಿನ ಹಿಲ್ ಡ್ವಾರ್ಫ್‌ಗೆ ಒಟ್ಟು 5. ಬಳಸುವ ರೀತಿ ಹೀಗೆ: ‘ಈ ಕೋಟೆಯ ತಳ ಯಾರು ಕಟ್ಟಿದ್ದು, ನೀರು ಹೊರಹೋಗಲು ಎಲ್ಲಿ ಬಿಟ್ಟಿರುತ್ತಾರೆ?’ ಎಂದು ಕೇಳಿ. ಉತ್ತರ ಸಿಕ್ಕ ಕಡೆ ಹೋಗಿ ಹುಡುಕಿ.

2024ರ ನಿಯಮಗಳಲ್ಲಿ ವೇಗ 30 ಅಡಿ, ಕತ್ತಲ ದೃಷ್ಟಿ 120 ಅಡಿ, ಹಿಲ್ ಮತ್ತು ಮೌಂಟನ್ ಎಂಬ ಭೇದವೇ ಇಲ್ಲ, ಲೆವೆಲ್‌ಗೆ ಒಂದು ಹೆಚ್ಚುವರಿ ಹಿಟ್ ಪಾಯಿಂಟ್ ಎಲ್ಲರಿಗೂ. ಕಲ್ಲಿನ ಮೇಲೆ ನಿಂತಾಗ 10 ನಿಮಿಷ ಕಾಲ 60 ಅಡಿಯೊಳಗಿನ ಹೆಜ್ಜೆಯ ಕಂಪನ ತಿಳಿಯುವ ಶಕ್ತಿ ಹೊಸದು. ಬೆನ್ನಟ್ಟುವವರು ಗೋಡೆಯಾಚೆ ಎಷ್ಟು ಜನ ಎಂದು ಎಣಿಸಲು ಅದು ಸಾಕು. ಆದರೆ ಕವಚದ ತರಬೇತಿ ಹೋಗಿದೆ, ಆದ್ದರಿಂದ ಮೇಲೆ ಹೇಳಿದ ಚೈನ್ ಶರ್ಟ್‌ನ ಯೋಜನೆ ಅಲ್ಲಿ ನಡೆಯದು.

ಕೊನೆಗೆ ಮೇಜಿನ ಸುತ್ತ ಕೂತವರ ವಿಷಯ. ಬಹಿಷ್ಕೃತನ ಪಾತ್ರ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಆಟಗಾರ ಸಂಗಾತಿಗಳ ಚೀಲಕ್ಕೇ ಕೈಹಾಕುತ್ತಾನೆ, ಇಲ್ಲವೇ ಗುಟ್ಟನ್ನು ಎಷ್ಟು ಬಿಗಿಯಾಗಿ ಮುಚ್ಚಿಡುತ್ತಾನೆ ಎಂದರೆ ಅದು ಆಟಕ್ಕೆ ಬರುವುದೇ ಇಲ್ಲ. ಕುಲದಿಂದ ಹೊರಬಿದ್ದವನಿಗೆ ತಂಡವೇ ಉಳಿದಿರುವ ಕುಲ. ಅದರಿಂದಲೇ ಕದಿಯುವವನಾಗಿ ಆಡಿದರೆ ಅವನು ಡ್ವಾರ್ಫ್ ಆಗಿ ಉಳಿಯುವುದಿಲ್ಲ. ಗುಟ್ಟಿಗೆ ಅವಧಿ ಹಾಕಿಕೊಳ್ಳಿ. ಮೂರನೇ ಸಂಚಿಕೆಯೊಳಗೆ ಸಂಗಾತಿಗಳಲ್ಲಿ ಒಬ್ಬರಿಗಾದರೂ ಅರ್ಧ ಸತ್ಯ ಗೊತ್ತಾಗಲಿ, ಅದೂ ಅವನ ಬಾಯಿಂದಲೇ. ಉಳಿದರ್ಧ ಬೆನ್ನಟ್ಟಿ ಬಂದವನ ಬಾಯಿಂದ ಬರಲಿ. ಆಗ ನಾಲ್ಕು ಜನ ಸತ್ತ ಆ ಸುರಂಗದ ಬಗ್ಗೆ ತಂಡ ತಾನೇ ತೀರ್ಪು ಕೊಡಬೇಕಾಗುತ್ತದೆ, ಹಾಳೆಯ ಹಿಂಬದಿ ಬರೆದಿಟ್ಟ ಹೆಸರಿನಿಂದ ಅವನನ್ನು ಕರೆಯಬೇಕೋ ಬೇಡವೋ ಎಂಬುದನ್ನೂ.

ಇತಿ,
ಮೇಜಿನ ಆಟಗಳನ್ನು ಪ್ರೀತಿಸುವ ಓದುಗರು